ಕೃತಕ ರಕ್ತವೂ ಸಲಹೆಗಾರರ ಹೊಣೆಯೂ

ಹೊಸ ಔಷಧವೊಂದನ್ನು ಸಿದ್ಧಪಡಿಸಲು ಹೊರಟ ಕಂಪನಿಯು ತನ್ನ ವಿವರಪತ್ರದಲ್ಲಿ ಆಡಳಿತ ಮಂಡಲಿಯವರ ಹೆಸರುಗಳ ಕೆಳಗೆ ಇನ್ನೊಂದು ಪಟ್ಟಿಯನ್ನು ಅಚ್ಚುಹಾಕಿಸುವುದು ಅಮೆರಿಕದಲ್ಲಿಯೂ ಯೂರೋಪಿನಲ್ಲಿಯೂ ಬಹುಕಾಲದಿಂದ ನಡೆದುಬಂದಿರುವ ಪದ್ಧತಿ. ಅದು ಆ ಕಂಪನಿಯ ವೈಜ್ಞಾನಿಕ ಸಲಹಾ ಮಂಡಲಿಯ ಪಟ್ಟಿ. ಅದರಲ್ಲಿ ವಿಶ್ವವಿದ್ಯಾಲಯಗಳ ಪ್ರಾಧ್ಯಾಪಕರಿರುತ್ತಾರೆ, ದೊಡ್ಡ ಆಸ್ಪತ್ರೆಗಳ ಶಸ್ತ್ರವೈದ್ಯರಿರುತ್ತಾರೆ, ಒಮ್ಮೊಮ್ಮೆ ಜಗದ್ವಿಖ್ಯಾತರಾದ ಹಿರಿಯ ಸಂಶೋಧಕರೂ ಇರುತ್ತಾರೆ. ಹಣ ಹೂಡಬಂದವನು ಆ ಹೆಸರುಗಳನ್ನು ಕಂಡು ಧೈರ್ಯಗೊಳ್ಳುತ್ತಾನೆ; ರೋಗಿಯಾದರೋ, ಅವನ ಕಿವಿಗೆ ಆ ಸುದ್ದಿ ಬಿದ್ದ ಪಕ್ಷದಲ್ಲಿ, ಇಷ್ಟು ಮಂದಿ ಪಂಡಿತರು ಒಪ್ಪಿದ ವಸ್ತುವಿನಲ್ಲಿ ಕೆಡುಕು ಇರಲಾರದೆಂದು ನಂಬುತ್ತಾನೆ. ಆದರೆ ಆ ಪಂಡಿತರು ವಾಸ್ತವವಾಗಿ ಮಾಡುವ ಕೆಲಸವೇನು, ಅವರ ಮಾತಿಗೆ ಅಲ್ಲಿ ಎಷ್ಟು ಬೆಲೆ, ಅವರು ಉತ್ತರ ಹೇಳಬೇಕಾದದ್ದು ಯಾರಿಗೆ ಎಂಬ ಪ್ರಶ್ನೆಗಳು ಸಾಮಾನ್ಯವಾಗಿ ಯಾರ ಮನಸ್ಸಿಗೂ ಬರುವುದಿಲ್ಲ. ಈ ಪ್ರಶ್ನೆಗಳು ಎಲ್ಲ ಔಷಧಗಳ ವಿಷಯದಲ್ಲಿಯೂ ಉಚಿತವಾದವೇ ಆದರೂ, ರಕ್ತಕ್ಕೆ ಬದಲಾಗಿ ಉಪಯೋಗಿಸಬಹುದಾದ ದ್ರವವೊಂದನ್ನು ನಿರ್ಮಿಸಲು ಕಳೆದ ನಾಲ್ಕು ದಶಕಗಳಲ್ಲಿ ಹೆಣಗಾಡಿದ ಕಂಪನಿಗಳ ಚರಿತ್ರೆಯಲ್ಲಿ ಅವು ಎಷ್ಟು ತೀಕ್ಷ್ಣವಾಗಿ ಎದ್ದು ನಿಲ್ಲುತ್ತವೆಯೋ ಅಷ್ಟು ಬೇರೆಲ್ಲಿಯೂ ನಿಲ್ಲುವುದಿಲ್ಲವೆಂದು ನನ್ನ ಭಾವನೆ.

ಮೊದಲು ಈ ಬಯಕೆಯೇ ಏಕೆ ಹುಟ್ಟಿತೆಂಬುದನ್ನು ನೋಡೋಣ. 1901ರಲ್ಲಿ ವಿಯೆನ್ನಾ ನಗರದ ಕಾರ್ಲ್ ಲ್ಯಾಂಡ್‌ಸ್ಟೈನರ್ ಅವರು ಮನುಷ್ಯರ ರಕ್ತದಲ್ಲಿ ಗುಂಪುಗಳಿರುವುದನ್ನು ತೋರಿಸಿಕೊಟ್ಟ ಮೇಲೆ ಒಬ್ಬರ ರಕ್ತವನ್ನು ಮತ್ತೊಬ್ಬರಿಗೆ ಕೊಡುವುದು ಸುರಕ್ಷಿತವಾದ ಚಿಕಿತ್ಸೆಯಾಗುವ ದಾರಿ ತೆರೆಯಿತು. ಆದರೆ ಆ ರಕ್ತವನ್ನು ದಾನಿಯಿಂದ ಪಡೆಯಬೇಕು, ಗುಂಪು ನೋಡಿ ಹೊಂದಿಸಬೇಕು, ರೋಗಾಣುಗಳಿಗಾಗಿ ಪರೀಕ್ಷಿಸಬೇಕು, ಶೀತಪೆಟ್ಟಿಗೆಯಲ್ಲಿಡಬೇಕು. ಇಷ್ಟೆಲ್ಲ ಮಾಡಿದರೂ ಕೆಂಪು ರಕ್ತಕಣಗಳು ರಕ್ತನಿಧಿಯಲ್ಲಿ 42 ದಿನಗಳಿಗಿಂತ ಹೆಚ್ಚು ಕಾಲ ಉಪಯೋಗಕ್ಕೆ ಬರುವಂತೆ ಉಳಿಯುವುದಿಲ್ಲ. ಯುದ್ಧಭೂಮಿಯಲ್ಲಿ ಗಾಯಗೊಂಡು ಬಿದ್ದ ಸೈನಿಕನ ಬಳಿಗೆ, ಹೆದ್ದಾರಿಯ ಅಪಘಾತದಲ್ಲಿ ನೆತ್ತರು ಸುರಿಯುತ್ತ ಮಲಗಿದವನ ಬಳಿಗೆ, ದೂರದ ಊರಿನಲ್ಲಿ ಹೆರಿಗೆಯ ರಕ್ತಸ್ರಾವದಿಂದ ಬಿಳಿಚಿಕೊಳ್ಳುತ್ತಿರುವ ತಾಯಿಯ ಬಳಿಗೆ ಆ ರಕ್ತವು ಬೇಕಾದ ಗಳಿಗೆಯಲ್ಲಿ ತಲುಪುವುದು ದುರ್ಲಭ. ಮಾಮೂಲು ಉಷ್ಣತೆಯಲ್ಲಿ ತಿಂಗಳುಗಟ್ಟಲೆ ಕೆಡದೆ ಇರುವ, ಯಾವ ಗುಂಪಿನವರಿಗಾದರೂ ಕೊಡಬಹುದಾದ, ಸೋಂಕಿನ ಭಯವಿಲ್ಲದ ದ್ರವವೊಂದು ಆಂಬುಲೆನ್ಸಿನಲ್ಲಿಯೇ ಇದ್ದರೆ ಎಷ್ಟು ಪ್ರಾಣಗಳು ಉಳಿದಾವೆಂಬ ಆಲೋಚನೆಯು ಸೇನಾವೈದ್ಯರ ಮನಸ್ಸನ್ನು ಬಹುಕಾಲದಿಂದ ಕಾಡುತ್ತಿದ್ದಿತು. 1980ರ ದಶಕದಲ್ಲಿ ಎಚ್‌ಐವಿ ಸೋಂಕು ರಕ್ತದ ಮೂಲಕ ಹರಡುವುದು ತಿಳಿದುಬಂದಾಗ ಆ ಆಲೋಚನೆಯು ಸಾರ್ವಜನಿಕರ ಆತುರವಾಗಿಯೂ, ಅದರ ಹಿಂದೆಯೇ ಬಂಡವಾಳಗಾರರ ಆಸಕ್ತಿಯಾಗಿಯೂ ಪರಿಣಮಿಸಿತು.

ರಕ್ತದ ಕಾರ್ಯಗಳು ಅನೇಕ. ಅವೆಲ್ಲವನ್ನೂ ಮಾಡಬಲ್ಲ ದ್ರವವನ್ನು ಕಟ್ಟುವೆವೆಂದು ಯಾರೂ ಹೇಳಲಿಲ್ಲ. ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ಅಂಗಾಂಶಗಳಿಗೆ ಮುಟ್ಟಿಸುವ ಒಂದು ಕಾರ್ಯವನ್ನು ಮಾತ್ರ ಒಂದೆರಡು ದಿನಗಳ ಮಟ್ಟಿಗೆ ನಿರ್ವಹಿಸಿಕೊಟ್ಟರೆ ಸಾಕೆಂಬುದೇ ಅವರ ಗುರಿ. ಆ ಕಾರ್ಯವನ್ನು ಮಾಡುವುದು ಕೆಂಪು ಕಣದೊಳಗಿನ ಹಿಮೋಗ್ಲೋಬಿನ್ ಆದುದರಿಂದ, ಕಣದ ಪೊರೆಯನ್ನು ಒಡೆದು ಹಿಮೋಗ್ಲೋಬಿನ್ನನ್ನು ಮಾತ್ರ ತೆಗೆದು ನೀರಿನಲ್ಲಿ ಕರಗಿಸಿ ಕೊಟ್ಟರೆ ಗುಂಪಿನ ತೊಡಕೇ ಇರುವುದಿಲ್ಲವೆಂಬುದು ಯಾರಿಗಾದರೂ ಹೊಳೆಯಬಹುದಾದ ಯುಕ್ತಿ. ಅಮೆರಿಕದ ಶರೀರಕ್ರಿಯಾಶಾಸ್ತ್ರಜ್ಞ ವಿಲಿಯಂ ಆಂಬರ್ಸನ್ ಅವರು 1930ರ ದಶಕದಲ್ಲಿಯೇ ಬೆಕ್ಕುಗಳ ರಕ್ತವನ್ನು ಬಸಿದು ಅದರ ಸ್ಥಾನದಲ್ಲಿ ಇಂಥ ದ್ರಾವಣವನ್ನು ತುಂಬಿ, ಅವು ಸ್ವಲ್ಪ ಕಾಲ ಬದುಕಿದ್ದುದನ್ನು ತೋರಿಸಿದ್ದರು. 1949ರಲ್ಲಿ ರೋಗಿಗಳಿಗೆ ಕೊಟ್ಟ ಅನುಭವವನ್ನೂ ಅವರು ಪ್ರಕಟಿಸಿದರು. ಅಲ್ಲಿಯೇ ತೊಡಕು ಕಾಣಿಸಿಕೊಂಡಿತು. ನಾಲ್ಕು ಸರಪಳಿಗಳು ಕೂಡಿ ಆದ ಹಿಮೋಗ್ಲೋಬಿನ್ ಅಣುವು ಕಣದ ಆಶ್ರಯ ತಪ್ಪಿದೊಡನೆ ಎರಡೆರಡು ಸರಪಳಿಗಳ ತುಂಡುಗಳಾಗಿ ಒಡೆಯುತ್ತದೆ. ಆ ತುಂಡುಗಳು ಮೂತ್ರಪಿಂಡದ ಮೂಲಕ ಸೋರಿ ಅದನ್ನು ಕೆಡಿಸುತ್ತವೆ. ಅದಲ್ಲದೆ, ಕಣದೊಳಗೆ ಅದಕ್ಕೆ ಜೊತೆಯಾಗಿದ್ದ ಸಣ್ಣ ರಾಸಾಯನಿಕವೊಂದರ ಸಾಹಚರ್ಯ ತಪ್ಪುವುದರಿಂದ ಅದು ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಂಡು ಅಂಗಾಂಶಗಳಿಗೆ ಬಿಟ್ಟುಕೊಡಲು ಹಿಂದೆಗೆಯುತ್ತದೆ.

ರಸಾಯನಶಾಸ್ತ್ರಜ್ಞರು ಇದಕ್ಕೆ ಪರಿಹಾರವನ್ನು ಕಂಡುಕೊಂಡರು. ಸರಪಳಿಗಳನ್ನು ಒಂದಕ್ಕೊಂದು ಬೆಸೆಯುವುದು, ಅಥವಾ ಹಲವು ಅಣುಗಳನ್ನು ಪೋಣಿಸಿ ದೊಡ್ಡದು ಮಾಡುವುದು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಥಾಮಸ್ ಚಾಂಗ್ ಅವರು 1960ರ ದಶಕದಲ್ಲಿಯೇ ಈ ಪೋಣಿಸುವ ಮಾರ್ಗವನ್ನು ತೋರಿದ್ದರು. ಹೀಗೆ ಸಿದ್ಧಾಂತದಲ್ಲಿ ದಾರಿ ಸುಗಮವಾಗಿ ಕಂಡ ಹೊತ್ತಿನಲ್ಲಿಯೇ, ಅಂದರೆ 1980ರ ದಶಕದ ಮಧ್ಯದಲ್ಲಿ, ಕಂಪನಿಗಳು ಒಂದರ ಹಿಂದೊಂದರಂತೆ ಹುಟ್ಟಿದವು. ಮ್ಯಾಸಚೂಸೆಟ್ಸಿನಲ್ಲಿ ಬಯೋಪ್ಯೂರ್ ಎಂಬುದು 1984ರಲ್ಲಿ, ಇಲಿನಾಯಿಯಲ್ಲಿ ನಾರ್ತ್‌ಫೀಲ್ಡ್ ಲ್ಯಾಬೊರೆಟರೀಸ್ ಎಂಬುದು 1985ರಲ್ಲಿ ಸ್ಥಾಪಿತವಾದವು. ಆಸ್ಪತ್ರೆಯ ಸಾಮಗ್ರಿಗಳ ದೊಡ್ಡ ಸಂಸ್ಥೆಯಾದ ಬ್ಯಾಕ್ಸ್ಟರ್ ಕೂಡ ಈ ಕ್ಷೇತ್ರಕ್ಕೆ ಇಳಿಯಿತು. ಬಯೋಪ್ಯೂರ್ ಹಸುಗಳ ರಕ್ತದಿಂದಲೂ, ಮಿಕ್ಕವು ಅವಧಿ ಮೀರಿದ ಮಾನವ ರಕ್ತದಿಂದಲೂ ಹಿಮೋಗ್ಲೋಬಿನ್ನನ್ನು ತೆಗೆದು ಸಂಸ್ಕರಿಸುತ್ತಿದ್ದವು.

ಈಗ ಕಾಲಕ್ರಮದ ಒಂದು ಅಂಶವನ್ನು ಓದುಗರು ಗಮನಿಸಬೇಕೆಂದು ಕೋರುತ್ತೇನೆ. ರಕ್ತನಾಳದ ಒಳಪದರವು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಉತ್ಪಾದಿಸಿ ನಾಳವನ್ನು ಸಡಿಲಗೊಳಿಸುತ್ತದೆಂಬುದು ಸ್ಪಷ್ಟವಾಗಿ ತಿಳಿದದ್ದು 1987ರ ಸುಮಾರಿಗೆ. ಆ ಶೋಧಕ್ಕಾಗಿ ಫರ್ಚ್‌ಗಾಟ್, ಇಗ್ನಾರೋ, ಮುರಾಡ್ ಎಂಬ ಮೂವರಿಗೆ ನೊಬೆಲ್ ಪಾರಿತೋಷಕ ದೊರೆತದ್ದು 1998ರಲ್ಲಿ. ಹಿಮೋಗ್ಲೋಬಿನ್ ಈ ಅನಿಲವನ್ನು ಕಂಡಲ್ಲಿ ಹೀರಿಬಿಡುತ್ತದೆ. ಕಣದೊಳಗೆ ಬಂದಿಯಾಗಿರುವಾಗ ಅದಕ್ಕೆ ನಾಳದ ಗೋಡೆಯ ಹತ್ತಿರ ಸುಳಿಯಲು ಅಷ್ಟಾಗಿ ಅವಕಾಶವಿಲ್ಲ. ಬಿಡಿಯಾಗಿ ದ್ರಾವಣದಲ್ಲಿರುವಾಗ ಗೋಡೆಯ ಸಂದುಗಳಲ್ಲಿಯೂ ನುಸುಳಿ ಅನಿಲವನ್ನು ಕಸಿದುಕೊಳ್ಳುತ್ತದೆ. ನಾಳಗಳು ಬಿಗಿಯುತ್ತವೆ, ರಕ್ತದೊತ್ತಡ ಏರುತ್ತದೆ, ಹೃದಯದ ಮೇಲೆ ಭಾರ ಬೀಳುತ್ತದೆ. ಹೀಗೆ, ಕಂಪನಿಗಳು ತಮ್ಮ ವಸ್ತುವನ್ನು ರೂಪಿಸಿ ಪೇಟೆಂಟ್ ಪಡೆದು ಹಣ ಸಂಗ್ರಹಿಸಿ ಹೊರಟಾದ ಮೇಲೆ, ಆ ವಸ್ತುವಿನ ಮುಖ್ಯ ದೋಷವನ್ನು ವಿವರಿಸಬಲ್ಲ ಶಾಸ್ತ್ರವು ಹುಟ್ಟಿಕೊಂಡಿತು. ಸಲಹೆಗಾರನ ಅಗತ್ಯವು ಅತಿಶಯವಾಗಿ ತೋರುವುದು ಇಂಥ ಸಂಧಿಯಲ್ಲಿ. ಕಂಪನಿಯ ಒಳಗಿನ ವಿಜ್ಞಾನಿಯು ತಾನು ಹಿಡಿದ ದಾರಿಯಲ್ಲಿ ತಲ್ಲೀನನಾಗಿರುತ್ತಾನೆ, ಇರಬೇಕಾದದ್ದೂ ಹಾಗೆಯೇ. ಹೊರಗಿನ ಜಗತ್ತಿನಲ್ಲಿ ಅರಿವು ಬದಲಾಗಿದೆ, ಆದುದರಿಂದ ನೀವು ನಿಂತು ಯೋಚಿಸಬೇಕು ಎಂದು ಹೇಳಬಲ್ಲವನು ಹೊರಗಿನಿಂದ ಬಂದವನು.

ಸಲಹಾ ಮಂಡಲಿಯು ಸಾಮಾನ್ಯವಾಗಿ ವರ್ಷಕ್ಕೆ ಕೆಲವು ಬಾರಿ ಸೇರುತ್ತದೆ. ಪ್ರಯೋಗಶಾಲೆಯ ಫಲಿತಗಳನ್ನು ಅದರ ಮುಂದಿಡುತ್ತಾರೆ. ಯಾವ ಪ್ರಾಣಿಯಲ್ಲಿ ಯಾವ ಪರೀಕ್ಷೆ ಮಾಡಬೇಕು, ಮನುಷ್ಯರಲ್ಲಿ ಮೊದಲು ಯಾವ ರೋಗದವರಿಗೆ ಎಷ್ಟು ಪ್ರಮಾಣದಲ್ಲಿ ಕೊಡಬೇಕು, ಯಾವುದನ್ನು ಅಳೆದರೆ ಔಷಧ ಫಲಿಸಿತೆಂದು ಹೇಳಬಹುದು ಎಂಬ ವಿಷಯಗಳಲ್ಲಿ ಅದರ ಅಭಿಪ್ರಾಯ ಕೇಳುತ್ತಾರೆ. ಸದಸ್ಯರಿಗೆ ಗೌರವಧನವುಂಟು, ಅನೇಕ ವೇಳೆ ಕಂಪನಿಯ ಷೇರುಗಳೂ ಉಂಟು. ಅವರು ಗೋಪ್ಯತೆಯ ಕರಾರಿಗೆ ಸಹಿ ಹಾಕಿರುತ್ತಾರೆ. ಅವರ ಸಲಹೆಯನ್ನು ಸ್ವೀಕರಿಸಲೇಬೇಕೆಂಬ ಬಂಧನ ಕಂಪನಿಗೆ ಇರುವುದಿಲ್ಲ. ಇವರನ್ನು ಬೇರೆ ಮೂರು ಬಗೆಯ ಮಂಡಲಿಗಳೊಡನೆ ಬೆರೆಸಬಾರದು. ಆಸ್ಪತ್ರೆಯ ನೈತಿಕ ಸಮಿತಿಯು ರೋಗಿಯ ಹಕ್ಕುಗಳನ್ನು ನೋಡಿಕೊಳ್ಳುವುದಕ್ಕಾಗಿ ಇರತಕ್ಕದ್ದು. ಪ್ರಯೋಗ ನಡೆಯುತ್ತಿರುವಾಗಲೇ ಗುಟ್ಟಾದ ಅಂಕಿ ಅಂಶಗಳನ್ನು ತೆರೆದು ನೋಡಿ ಬೇಕಾದರೆ ನಿಲ್ಲಿಸಿರೆಂದು ಹೇಳಬಲ್ಲ ಸ್ವತಂತ್ರ ನಿಗಾ ಸಮಿತಿ ಇನ್ನೊಂದು. ಅಮೆರಿಕದ ಔಷಧ ನಿಯಂತ್ರಣ ಇಲಾಖೆಯಾದ ಎಫ್‌ಡಿಎ ನೇಮಿಸುವ, ಬಹುಮಟ್ಟಿಗೆ ಬಹಿರಂಗವಾಗಿ ಚರ್ಚಿಸುವ ತಜ್ಞರ ಸಮಿತಿ ಮತ್ತೊಂದು. ಈ ನಾಲ್ಕು ಕಡೆಯೂ ಕುಳಿತುಕೊಳ್ಳುವವರು ಒಂದೇ ವಿದ್ವತ್ಸಮುದಾಯದವರು. ಆದರೆ ಕುಳಿತ ಸ್ಥಾನಕ್ಕೆ ತಕ್ಕಂತೆ ಅವರ ಬಾಯಿಯ ಸ್ವಾತಂತ್ರ್ಯದಲ್ಲಿ ಅಗಾಧವಾದ ವ್ಯತ್ಯಾಸವುಂಟು.

ಆ ವ್ಯತ್ಯಾಸವು ಎಂಥ ಪರಿಣಾಮವನ್ನು ತರಬಹುದೆಂಬುದಕ್ಕೆ ಬ್ಯಾಕ್ಸ್ಟರ್ ಕಂಪನಿಯ ವೃತ್ತಾಂತವನ್ನು ನೋಡಬೇಕು. ಸ್ಯಾನ್ ಫ್ರಾನ್ಸಿಸ್ಕೋ ನಗರದ ಲೆಟರ್‌ಮನ್ ಸೇನಾ ಸಂಶೋಧನಾಲಯದಲ್ಲಿ ಅಮೆರಿಕದ ಸೈನ್ಯವು ಬೆಸೆದ ಹಿಮೋಗ್ಲೋಬಿನ್ ಒಂದನ್ನು ತಯಾರಿಸುತ್ತಿದ್ದಿತು; ರಾಬರ್ಟ್ ವಿನ್ಸ್ಲೋ ಅವರು ಅದರ ಮುಖ್ಯರಲ್ಲಿ ಒಬ್ಬರು. ಹಂದಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಆ ದ್ರವವು ದೇಹದ ರಕ್ತದೊತ್ತಡವನ್ನೂ ಶ್ವಾಸಕೋಶದ ನಾಳಗಳ ಒತ್ತಡವನ್ನೂ ಏರಿಸುವುದು ಕಂಡುಬಂದಿತು. 1993ರಲ್ಲಿ ಇದು ಪ್ರಕಟವೂ ಆಯಿತು. ಸೈನ್ಯವು ಆ ವಸ್ತುವನ್ನು ಕೈಬಿಟ್ಟಿತು. ಬ್ಯಾಕ್ಸ್ಟರ್ ತಯಾರಿಸುತ್ತಿದ್ದ ಹೆಮ್‌ಅಸಿಸ್ಟ್ ರಾಸಾಯನಿಕವಾಗಿ ಅದೇ ವಸ್ತು. ಆದರೂ ಕಂಪನಿಯು ಮುಂದುವರಿಯಿತು. ಒತ್ತಡ ಏರುವುದು ರಕ್ತಸ್ರಾವದಿಂದ ಕುಸಿದವನಿಗೆ ಲಾಭವೇ ಆದೀತೆಂಬ ವಾದವೂ ಆಗ ಇದ್ದಿತು, ಅದು ಮೇಲುನೋಟಕ್ಕೆ ಅಸಂಗತವಾದ ವಾದವೂ ಅಲ್ಲ. ಕೊನೆಗೆ ತೀವ್ರವಾಗಿ ಗಾಯಗೊಂಡವರ ಮೇಲೆ ಅಮೆರಿಕದಲ್ಲಿ ನಡೆದ ಪ್ರಯೋಗದಲ್ಲಿ ಹೆಮ್‌ಅಸಿಸ್ಟ್ ಪಡೆದ 52 ಮಂದಿಯಲ್ಲಿ 24 ಮಂದಿಯೂ, ಬರಿಯ ಸಲೈನ್ ಪಡೆದ 46 ಮಂದಿಯಲ್ಲಿ 8 ಮಂದಿಯೂ 28 ದಿನಗಳೊಳಗಾಗಿ ತೀರಿಕೊಂಡರು. 1998ರಲ್ಲಿ ಆ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು. ನಾಲ್ಕೈದು ವರ್ಷಗಳ ಹಿಂದೆ ಹಂದಿಗಳು ಹೇಳಿದ್ದ ಮಾತನ್ನು ಕೇಳಿಸಿಕೊಳ್ಳಲು ಮನುಷ್ಯರು ಸಾಯಬೇಕಾಯಿತೆಂಬುದು ನನ್ನನ್ನು ಬಹುವಾಗಿ ನೋಯಿಸುವ ಸಂಗತಿ.

ಇಲ್ಲಿ ಕಡೆಯ ಪಕ್ಷ ಫಲಿತವು ಪ್ರಕಟವಾಯಿತು. ನಾರ್ತ್‌ಫೀಲ್ಡ್ ಕಂಪನಿಯ ಕಥೆ ಇದಕ್ಕಿಂತ ಗಂಭೀರವಾದದ್ದು. ಶಸ್ತ್ರವೈದ್ಯ ಸ್ಟೀವನ್ ಗೂಲ್ಡ್ ಅವರ ನೇತೃತ್ವದ ಆ ಕಂಪನಿಯ ದ್ರವ ಪಾಲಿಹೀಮ್. ಮಹಾಪಧಮನಿಯ ಉಬ್ಬಿನ ಶಸ್ತ್ರಚಿಕಿತ್ಸೆಗೆ ಒಳಗಾದವರ ಮೇಲೆ ಅದನ್ನು ಪರೀಕ್ಷಿಸಿ, 2000ದಲ್ಲಿ ಆ ಪ್ರಯೋಗವನ್ನು ಕಂಪನಿಯು ಸದ್ದಿಲ್ಲದೆ ಮುಚ್ಚಿತು. ಪಾಲಿಹೀಮ್ ಪಡೆದ 81 ಮಂದಿಯಲ್ಲಿ 10 ಮಂದಿಗೆ ಹೃದಯಾಘಾತವಾಗಿದ್ದಿತು, ಅವರಲ್ಲಿ ಇಬ್ಬರು ಸತ್ತಿದ್ದರು. ಪಡೆಯದ 71 ಮಂದಿಯಲ್ಲಿ ಒಬ್ಬರಿಗೂ ಹಾಗಾಗಿರಲಿಲ್ಲ. ಈ ವಿಷಯವು ಜನಕ್ಕೆ ತಿಳಿದದ್ದು 2006ರಲ್ಲಿ, ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯ ಮೂಲಕ. ಆ ನಡುವಣ ಕಾಲದಲ್ಲಿ ಕಂಪನಿಯು ಗಾಯಾಳುಗಳ ಮೇಲೆ ಮತ್ತೊಂದು ದೊಡ್ಡ ಪ್ರಯೋಗವನ್ನು ಆರಂಭಿಸಿದ್ದಿತು, ಮತ್ತು ಅದು ರೋಗಿಯ ಸಮ್ಮತಿಯಿಲ್ಲದೆ ನಡೆಯುವ ಪ್ರಯೋಗವಾಗಿದ್ದಿತು.

ಸಮ್ಮತಿಯಿಲ್ಲದೆ ಎಂದರೆ ಅಕ್ರಮವಾಗಿ ಎಂದಲ್ಲ. ಪ್ರಜ್ಞೆ ತಪ್ಪಿ ಬಿದ್ದವನನ್ನು ಸಮ್ಮತಿ ಕೇಳಲಾಗದು, ಬಂಧುಗಳನ್ನು ಹುಡುಕುವಷ್ಟು ಸಮಯವಿಲ್ಲ. ಇಂಥ ಸಂದರ್ಭಗಳಲ್ಲಿ, ಊರಿನ ಜನರಿಗೆ ಮುಂಚಿತವಾಗಿ ತಿಳಿಸಿ, ನಿಗದಿತ ಕಟ್ಟುಪಾಡುಗಳೊಳಗೆ ಪ್ರಯೋಗ ನಡೆಸಬಹುದೆಂದು ಅಮೆರಿಕದ ಸರ್ಕಾರ 1996ರಲ್ಲಿ ನಿಯಮ ಮಾಡಿದ್ದಿತು. ಬೇಡವೆನ್ನುವವರು ನೀಲಿ ಬಣ್ಣದ ಕೈಪಟ್ಟಿ ಧರಿಸಬಹುದೆಂದೂ ಏರ್ಪಾಟಾಗಿದ್ದಿತು. ಆಗ ಆಂಬುಲೆನ್ಸಿನಲ್ಲಿ ಸಾಮಾನ್ಯವಾಗಿ ರಕ್ತ ಇರುತ್ತಿರಲಿಲ್ಲವಾದುದರಿಂದ ಅಲ್ಲಿ ಸಲೈನಿಗೆ ಬದಲು ಪಾಲಿಹೀಮ್ ಕೊಡುವುದನ್ನು ಸಮರ್ಥಿಸಬಹುದು. ಆದರೆ ಆಸ್ಪತ್ರೆಗೆ ತಲುಪಿ, ರಕ್ತನಿಧಿಯಲ್ಲಿ ನಿಜವಾದ ರಕ್ತವು ಕೈಗೆಟುಕುವಂತೆ ಇದ್ದರೂ, ಪಾಲಿಹೀಮ್ ಗುಂಪಿಗೆ ಸೇರಿದವರಿಗೆ ಗಾಯವಾದಾಗಿನಿಂದ 12 ಗಂಟೆಗಳವರೆಗೆ, ಆರು ಯೂನಿಟ್‌ಗಳ ಮಿತಿಯೊಳಗೆ, ಅದನ್ನೇ ಮುಂದುವರಿಸುವುದೆಂದು ಯೋಜನೆಯಲ್ಲಿ ಗೊತ್ತುಮಾಡಿದ್ದರು. ಕಿಪ್ನಿಸ್, ಕಿಂಗ್, ನೆಲ್ಸನ್ ಎಂಬ ಮೂವರು ನೀತಿಶಾಸ್ತ್ರಜ್ಞರು 2006ರಲ್ಲಿ ಆಸ್ಪತ್ರೆಗಳ ನೈತಿಕ ಸಮಿತಿಗಳಿಗೆ ಬಹಿರಂಗ ಪತ್ರವೊಂದನ್ನು ಬರೆದು ಈ ಅಂಶಕ್ಕೇ ಆಕ್ಷೇಪವೆತ್ತಿದರು. ಸೆನೆಟರ್ ಚಾರ್ಲ್ಸ್ ಗ್ರಾಸ್ಲಿ ಅವರೂ ಅದೇ ವರ್ಷ ಅದನ್ನು ಪ್ರಶ್ನಿಸಿದರು. ಏಳುನೂರಕ್ಕೂ ಹೆಚ್ಚು ಮಂದಿಯನ್ನೊಳಗೊಂಡ ಆ ಪ್ರಯೋಗ ಮುಗಿದಾಗ 30 ದಿನಗಳೊಳಗೆ ಸತ್ತವರ ಪ್ರಮಾಣ ಪಾಲಿಹೀಮ್ ಗುಂಪಿನಲ್ಲಿ ಶೇಕಡ 13.4, ಇನ್ನೊಂದರಲ್ಲಿ ಶೇಕಡ 9.6. ಈ ವ್ಯತ್ಯಾಸವು ಆಕಸ್ಮಿಕವೂ ಆಗಿರಬಹುದಾದಷ್ಟು ಚಿಕ್ಕದೆಂದು ಗಣಿತ ಹೇಳಿತು; ಪಾಲಿಹೀಮ್ ಮೇಲೆಂದು ತೋರಿಸಲಂತೂ ಸಾಧ್ಯವಾಗಲಿಲ್ಲ. 2009ರಲ್ಲಿ ಎಫ್‌ಡಿಎ ಅನುಮತಿ ನಿರಾಕರಿಸಿತು. ಅದೇ ವರ್ಷ ಕಂಪನಿ ಮುಚ್ಚಿತು.

ನನಗೆ ಇಲ್ಲಿ ಮುಖ್ಯವಾಗಿ ತೋರುವ ಪ್ರಶ್ನೆ ಕಂಪನಿಯ ನಡತೆಯದಲ್ಲ. ಆ ಹತ್ತು ಹೃದಯಾಘಾತಗಳ ವಿಚಾರವನ್ನು ಬಲ್ಲ ವಿಜ್ಞಾನಿಗಳು, ಅವರು ಸಂಬಳದವರಾಗಿರಲಿ ಸಲಹೆಗಾರರಾಗಿರಲಿ, ಅದನ್ನು ಹೊರಗೆ ಹೇಳುವಂತಿರಲಿಲ್ಲ. ಬಲ್ಲ ಸರ್ಕಾರದ ಅಧಿಕಾರಿಗಳೂ ಹೇಳುವಂತಿರಲಿಲ್ಲ, ಏಕೆಂದರೆ ಅಮೆರಿಕದ ಕಾನೂನಿನಲ್ಲಿ ಅಂಥ ಅಂಕಿ ಅಂಶಗಳು ವ್ಯಾಪಾರ ರಹಸ್ಯದ ರಕ್ಷಣೆ ಪಡೆದಿದ್ದವು. ಒಂದು ಕಂಪನಿಯ ಸಲಹಾ ಮಂಡಲಿಯಲ್ಲಿ ಕುಳಿತ ಪ್ರಾಧ್ಯಾಪಕನು ಇನ್ನೊಂದು ಕಂಪನಿಯ ದ್ರವದಿಂದ ಆದ ಅಪಾಯವನ್ನು ಅರಿಯದೆಯೇ ಸಲಹೆ ಕೊಡಬೇಕಾಗಿದ್ದಿತು. 2008ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಚಾರ್ಲ್ಸ್ ನಾಟನ್ಸನ್ ಅವರೂ, ಪಬ್ಲಿಕ್ ಸಿಟಿಜನ್ ಎಂಬ ನಾಗರಿಕ ಸಂಘಟನೆಯ ಸಿಡ್ನಿ ವುಲ್ಫ್ ಅವರೂ, ಮತ್ತವರ ಸಂಗಡಿಗರೂ ಕೂಡಿ ಐದು ಬಗೆಯ ಹಿಮೋಗ್ಲೋಬಿನ್ ದ್ರವಗಳ ಮೇಲೆ ನಡೆದ 16 ಪ್ರಯೋಗಗಳನ್ನು, ಒಟ್ಟು 3,711 ರೋಗಿಗಳ ಫಲಿತಗಳನ್ನು ಒಂದೆಡೆ ಸೇರಿಸಿ ಲೆಕ್ಕಹಾಕಿದರು. ದ್ರವ ಪಡೆದವರಲ್ಲಿ ಸಾವಿನ ಅಪಾಯ ಇತರರಿಗೆ ಹೋಲಿಸಿದರೆ 1.30 ಪಟ್ಟು, ಹೃದಯಾಘಾತದ ಅಪಾಯ 2.71 ಪಟ್ಟು ಎಂದು ಕಂಡುಬಂದಿತು. ಅದಕ್ಕಿಂತ ಮನಸ್ಸನ್ನು ಕಲಕುವ ಸಂಗತಿ ಅವರ ಮತ್ತೊಂದು ನಿರ್ಣಯ: ಈ ಫಲಿತಗಳನ್ನು ಆಗಿಂದಾಗ ಬಹಿರಂಗಪಡಿಸಿ ಕೂಡಿಸುತ್ತ ಬಂದಿದ್ದರೆ ಹೃದಯಾಘಾತದ ಅಪಾಯವು 2000ದ ವೇಳೆಗೇ ಸ್ಪಷ್ಟವಾಗಿಬಿಡುತ್ತಿದ್ದಿತು. ಆ ಅನಂತರ ಪ್ರಯೋಗಕ್ಕೆ ಒಳಗಾದವರಲ್ಲಿ ಎಷ್ಟೋ ಮಂದಿ ಒಳಗಾಗಬೇಕಾಗಿಯೇ ಇರಲಿಲ್ಲ.

ಈ ಲೆಕ್ಕವನ್ನು ಒಪ್ಪದವರೂ ಉಂಟು, ಅವರ ಮಾತನ್ನೂ ಕೇಳುವುದು ನ್ಯಾಯ. ಬೇರೆ ಬೇರೆ ರಚನೆಯ ಐದು ವಸ್ತುಗಳನ್ನು ಒಂದೇ ತಕ್ಕಡಿಗೆ ಹಾಕಬಾರದೆಂದು ಅವರ ಒಂದು ವಾದ. ರಕ್ತವು ಕೈಯಳತೆಯಲ್ಲಿರುವ ಕಡೆ ರಕ್ತದೊಡನೆ ಹೋಲಿಸಿ ಈ ದ್ರವಗಳು ಕೀಳೆಂದು ತೀರ್ಮಾನಿಸುವುದು ತಪ್ಪು, ರಕ್ತವೇ ಸಿಕ್ಕದ ಕಡೆ ಸಾವಿನೊಡನೆ ಹೋಲಿಸಬೇಕೆಂಬುದು ಇನ್ನೊಂದು. ಈ ಎರಡನೆಯದರಲ್ಲಿ ಬಹಳ ಸತ್ಯವಿದೆ. ಎಚ್‌ಐವಿ ಸೋಂಕು ವ್ಯಾಪಕವಾಗಿದ್ದ ದಕ್ಷಿಣ ಆಫ್ರಿಕವು ಬಯೋಪ್ಯೂರ್ ಕಂಪನಿಯ ಹೆಮೋಪ್ಯೂರ್ ದ್ರವಕ್ಕೆ 2001ರಲ್ಲಿ ಅನುಮತಿ ನೀಡಿದ್ದು ಇಂಥ ವಿವೇಚನೆಯಿಂದಲೇ. ಅಮೆರಿಕದ ನೌಕಾಪಡೆಯು ಅದೇ ದ್ರವವನ್ನು ಗಾಯಾಳುಗಳ ಮೇಲೆ ಪ್ರಯೋಗಿಸಲು ಯೋಜಿಸಿದಾಗ 2006ರ ಡಿಸೆಂಬರಿನಲ್ಲಿ ಎಫ್‌ಡಿಎ ತಜ್ಞರ ಸಮಿತಿಯು ಬಹಿರಂಗವಾಗಿ ಚರ್ಚಿಸಿ, 11 ಮತಗಳು ವಿರುದ್ಧ, 8 ಮತಗಳು ಪರ ಎಂದು ತೀರ್ಮಾನಿಸಿತು. ಈ ಹನ್ನೊಂದು–ಎಂಟನ್ನು ನಾನು ಬಹಳ ಗೌರವದಿಂದ ಕಾಣುತ್ತೇನೆ. ಪ್ರಾಮಾಣಿಕರಾದ ವಿದ್ವಾಂಸರು ಒಂದೇ ಸಾಮಗ್ರಿಯನ್ನು ಓದಿ ಭಿನ್ನ ಅಭಿಪ್ರಾಯಗಳಿಗೆ ಬಂದು, ತಮ್ಮ ಹೆಸರಿನಲ್ಲಿಯೇ ಅದನ್ನು ಹೇಳಿ, ಕಾರಣಗಳನ್ನು ದಾಖಲೆ ಮಾಡಿದರು. ಆದರೆ ಅದೇ ಬಯೋಪ್ಯೂರ್ ಕಂಪನಿಯು, ತನ್ನ ಇನ್ನೊಂದು ಪ್ರಯೋಗವನ್ನು ಎಫ್‌ಡಿಎ 2003ರಲ್ಲಿ ಸುರಕ್ಷತೆಯ ಕಾರಣದಿಂದ ತಡೆಹಿಡಿದಿದ್ದುದನ್ನು ಮರೆಮಾಚಿ ಷೇರುದಾರರನ್ನು ತಪ್ಪುದಾರಿಗೆಳೆಯಿತೆಂದು ಅಮೆರಿಕದ ಷೇರುಪೇಟೆ ನಿಯಂತ್ರಣ ಮಂಡಲಿಯು 2005ರಲ್ಲಿ ದಾವೆ ಹೂಡಬೇಕಾಯಿತು.

ಹಿಮೋಗ್ಲೋಬಿನ್ನಿನ ಸಹವಾಸವೇ ಬೇಡವೆಂದು ಬೇರೆ ದಾರಿ ಹಿಡಿದವರೂ ಇದ್ದರು. ಆಮ್ಲಜನಕವನ್ನು ಅಳೆಯುವ ಎಲೆಕ್ಟ್ರೋಡನ್ನು ನಿರ್ಮಿಸಿ ಪ್ರಖ್ಯಾತರಾಗಿದ್ದ ಲೆಲಂಡ್ ಕ್ಲಾರ್ಕ್ ಅವರು ಫ್ರಾಂಕ್ ಗೊಲ್ಲನ್ ಅವರೊಡನೆ 1966ರಲ್ಲಿ, ಆಮ್ಲಜನಕ ತುಂಬಿದ ಫ್ಲೋರೋಕಾರ್ಬನ್ ದ್ರವದಲ್ಲಿ ಇಲಿಯನ್ನು ಮುಳುಗಿಸಿಟ್ಟರೂ ಅದು ದ್ರವವನ್ನೇ ಉಸಿರಾಡಿ ಬದುಕಬಲ್ಲದೆಂದು ತೋರಿಸಿದರು. ಹಾರ್ವರ್ಡಿನ ರಾಬರ್ಟ್ ಗೇಯರ್ ಅವರು 1968ರಲ್ಲಿ ಇಂಥ ದ್ರವದ ಎಮಲ್ಷನ್ನನ್ನು ರಕ್ತದ ಬದಲಿಗೆ ತುಂಬಿ ಇಲಿಗಳನ್ನು ಬದುಕಿಸಿದರು. ಈ ದ್ರವಗಳು ಆಮ್ಲಜನಕವನ್ನು ಹಿಡಿಯುವುದಿಲ್ಲ, ಕೇವಲ ಕರಗಿಸಿಕೊಳ್ಳುತ್ತವೆ. ಆದಕಾರಣ ರೋಗಿಯು ಶುದ್ಧವಾದ ಆಮ್ಲಜನಕವನ್ನೇ ಉಸಿರಾಡುತ್ತಿದ್ದರೆ ಮಾತ್ರ ಅವುಗಳಿಂದ ಹೆಚ್ಚಿನ ಪ್ರಯೋಜನ. ಜಪಾನಿನ ಗ್ರೀನ್ ಕ್ರಾಸ್ ಕಂಪನಿಯ ಫ್ಲೂಸಾಲ್ ಎಂಬುದು 1989ರಲ್ಲಿ ಎಫ್‌ಡಿಎ ಅನುಮತಿ ಪಡೆಯಿತು, ಹೃದಯದ ನಾಳವನ್ನು ಬಲೂನಿನಿಂದ ಹಿಗ್ಗಿಸುವ ಚಿಕಿತ್ಸೆಗೆ ಮಾತ್ರ. ಕೆಲವೇ ವರ್ಷಗಳಲ್ಲಿ ಅದರ ತಯಾರಿಕೆ ನಿಂತಿತು. ಆ ಕಂಪನಿಯ ಸ್ಥಾಪಕ ರ್‍ಯೋಯಿಚಿ ನೈಟೊ ಆ ದ್ರವವನ್ನು ಮೊದಲು ತನ್ನ ಮೈಗೇ ಏರಿಸಿಕೊಂಡವನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನ್ ಸೈನ್ಯದ ಇಶೀ ಶಿರೋನ ರೋಗಾಣುಯುದ್ಧ ಸಂಘಟನೆಯಲ್ಲಿ ದುಡಿದವನೂ ಅವನೇ. ಸೋವಿಯತ್ ದೇಶದ ಪುಷ್ಚಿನೊ ನಗರದಲ್ಲಿ ಫೆಲಿಕ್ಸ್ ಬೆಲೊಯಾರ್ತ್ಸೆವ್ ಅವರು ಇದೇ ಜಾತಿಯ ದ್ರವವನ್ನು, ಅಲ್ಲಿಯ ಪತ್ರಿಕೆಗಳು ನೀಲಿ ರಕ್ತವೆಂದು ಕರೆದದ್ದನ್ನು, ಸಿದ್ಧಪಡಿಸಿ, ಗುಪ್ತಪೊಲೀಸರ ಕಿರುಕುಳ ತಾಳಲಾರದೆ 1985ರ ಡಿಸೆಂಬರಿನಲ್ಲಿ ಆತ್ಮಹತ್ಯೆ ಮಾಡಿಕೊಂಡರು; ಅವರ ಪರ್ಫ್‌ಟೊರಾನಿಗೆ ರಷ್ಯದ ಅನುಮತಿ ಸಿಕ್ಕಿದ್ದು 1996ರಲ್ಲಿ. ಕ್ಲಾರ್ಕ್ ಅವರ ವಿದ್ಯೆಯನ್ನು ಆಧಾರವಾಗಿಟ್ಟುಕೊಂಡು ಕ್ಯಾಲಿಫೋರ್ನಿಯದ ಸಿಂಥೆಟಿಕ್ ಬ್ಲಡ್ ಇಂಟರ್‌ನ್ಯಾಷನಲ್ ಕಂಪನಿಯು ಆಕ್ಸಿಸೈಟ್ ಎಂಬುದನ್ನು ಬೆಳೆಸಿತು. ಕಾಲಕ್ರಮದಲ್ಲಿ ಅದು ರಕ್ತಕ್ಕೆ ಬದಲಿ ಎಂಬ ಹಂಬಲವನ್ನು ಹಿಂದಕ್ಕೆ ಸರಿಸಿ ತಲೆಗೆ ಪೆಟ್ಟು ಬಿದ್ದವರ ಮಿದುಳಿಗೆ ಆಮ್ಲಜನಕ ಮುಟ್ಟಿಸುವ ಮಿತವಾದ ಗುರಿಯನ್ನು ಹಿಡಿದು, 2008ರಲ್ಲಿ ಹೆಸರನ್ನೂ ಬದಲಾಯಿಸಿಕೊಂಡಿತು. ಗುರಿಯನ್ನು ಹೀಗೆ ಕುಗ್ಗಿಸಿರೆಂದು ಹೇಳುವುದು ಸಲಹೆಗಾರರ ಅತ್ಯಂತ ಉಪಯುಕ್ತವಾದ ಕೆಲಸಗಳಲ್ಲೊಂದು. ಹಣ ಹೂಡಿದವರಿಗೆ ಅದು ರುಚಿಸುವುದು ಅಪೂರ್ವ.

ಮತ್ತೆ ವಿನ್ಸ್ಲೋ ಅವರ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಈ ಚರಿತ್ರೆಯಲ್ಲಿ ನನ್ನ ಮನಸ್ಸನ್ನು ಸೆಳೆದ ವ್ಯಕ್ತಿ ಅವರು. ಸೈನ್ಯದ ದ್ರವ ಸೋತ ಮೇಲೆ ಅವರು ಸೋಲಿನ ಕಾರಣವನ್ನೇ ಅಧ್ಯಯನದ ವಿಷಯ ಮಾಡಿಕೊಂಡರು. ಸ್ಯಾನ್ ಡಿಯಾಗೋದಲ್ಲಿ ಸೂಕ್ಷ್ಮ ರಕ್ತನಾಳಗಳನ್ನು ಅಭ್ಯಸಿಸುತ್ತಿದ್ದ ಮಾರ್ಕೋಸ್ ಇಂಟಾಗ್ಲಿಯೆಟ್ಟ ಅವರ ಸಹವಾಸದಲ್ಲಿ ಅವರಿಗೆ ಹೊಳೆದದ್ದು ಇದು: ಬೆಸೆದು ಮಾರ್ಪಡಿಸಿದ ಬಿಡಿ ಹಿಮೋಗ್ಲೋಬಿನ್ ಆಮ್ಲಜನಕವನ್ನು ಸಣ್ಣ ಧಮನಿಗಳಲ್ಲಿಯೇ ಅವಸರವಾಗಿ ಬಿಟ್ಟುಬಿಡುತ್ತದೆ, ಆಮ್ಲಜನಕ ಅತಿಯಾಯಿತೆಂದು ಧಮನಿಗಳು ಬಿಗಿದುಕೊಳ್ಳುತ್ತವೆ. ಹಾಗಾದರೆ ಸುಲಭವಾಗಿ ಬಿಟ್ಟುಕೊಡುವ ಹಿಮೋಗ್ಲೋಬಿನ್ನಿನ ಬದಲು ಬಿಗಿಯಾಗಿ ಹಿಡಿದು ಕಟ್ಟಕಡೆಯ ಲೋಮನಾಳದಲ್ಲಿ ಮಾತ್ರ ಬಿಡುವಂಥದು ಬೇಕು! ಅದುವರೆಗೆ ಎಲ್ಲರೂ ದೋಷವೆಂದು ಎಣಿಸಿದ್ದುದನ್ನು ಅವರು ಗುಣವೆಂದು ವಾದಿಸಿದರು. ಇದಕ್ಕೆ ಎದುರಾಗಿ ರೈಸ್ ವಿಶ್ವವಿದ್ಯಾಲಯದ ಜಾನ್ ಓಲ್ಸನ್ ಮೊದಲಾದವರು ನೈಟ್ರಿಕ್ ಆಕ್ಸೈಡೇ ಮುಖ್ಯ ಕಾರಣವೆಂದು ಎತ್ತಿಹಿಡಿದರು. ವಿನ್ಸ್ಲೋ 1998ರಲ್ಲಿ ಸ್ಯಾಂಗಾರ್ಟ್ ಎಂಬ ಕಂಪನಿಯನ್ನು ಸ್ಥಾಪಿಸಿದರು. ಅಣುವಿಗೆ ಪಾಲಿಎಥಿಲೀನ್ ಗ್ಲೈಕಾಲ್ ಎಳೆಗಳನ್ನು ಹೊದಿಸಿ ಅದನ್ನು ದೊಡ್ಡದು ಮಾಡುವ ರಸಾಯನವಿದ್ಯೆಯಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನ ಸೀತಾರಾಮ ಆಚಾರ್ಯ ಮತ್ತು ಬೇಲೂರು ಮಂಜುಳಾ ಅವರ ಸಂಶೋಧನೆ ಅವರಿಗೆ ನೆರವಾಯಿತು. ಬೇಲೂರಿನ ಹೆಸರು ಈ ಶಾಸ್ತ್ರಗ್ರಂಥಗಳಲ್ಲಿ ಕಾಣಸಿಗುವುದು ಕನ್ನಡಿಗನಾದ ನನಗೆ ಸಂತೋಷದ ಸಂಗತಿಯೆಂದು ಹೇಳಿಕೊಳ್ಳಲು ಸಂಕೋಚವಿಲ್ಲ. ಯೂರೋಪಿನಲ್ಲಿ ಸೊಂಟದ ಶಸ್ತ್ರಚಿಕಿತ್ಸೆಯ ರೋಗಿಗಳ ಮೇಲೆ ಸ್ಯಾಂಗಾರ್ಟಿನ ದ್ರವವನ್ನು ಪರೀಕ್ಷಿಸಿದರು; ರಕ್ತದೊತ್ತಡ ಕುಸಿಯುವುದು ಕಡಮೆಯಾಯಿತಾದರೂ ಅದನ್ನು ಔಷಧವೆಂದು ನೆಲೆಗೊಳಿಸುವಷ್ಟು ಉಪಕಾರ ಸಿದ್ಧಪಡಲಿಲ್ಲ. ವಿನ್ಸ್ಲೋ 2009ರಲ್ಲಿ ತೀರಿಕೊಂಡರು. ಸ್ಯಾಂಗಾರ್ಟ್ 2013ರಲ್ಲಿ ಮುಚ್ಚಿತು. ಆದರೆ ಅವರ ವಾದವೂ ಎದುರುವಾದವೂ ಪತ್ರಿಕೆಗಳಲ್ಲಿ, ಗ್ರಂಥಗಳಲ್ಲಿ ಬಹಿರಂಗವಾಗಿ ನಡೆದುದರಿಂದ ಅನಂತರ ಬಂದವರಿಗೆ ಎರಡೂ ದೊರೆತಿವೆ.

ದೊರೆತದ್ದರ ಫಲ ಈಗ ಕಾಣುತ್ತಿದೆ. ಹಿಮೋಗ್ಲೋಬಿನ್ನನ್ನು ಬಿಡಿಯಾಗಿ ಬಿಡದೆ ಮತ್ತೆ ಪೊರೆಯೊಳಗೆ ಸೇರಿಸಬೇಕೆಂಬುದು ಇಂದಿನವರ ನಿಲುವು. ಬಾಲ್ಟಿಮೋರಿನ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಅಲನ್ ಡಾಕ್ಟರ್ ಅವರು ತಮ್ಮ ಸಂಗಡಿಗರೊಡನೆ ಎರಿತ್ರೋಮರ್ ಎಂಬ, ಒಣಗಿಸಿ ಪುಡಿಯಾಗಿಟ್ಟು ನೀರಿನಲ್ಲಿ ಕದಡಿ ಕೊಡಬಹುದಾದ ಕೃತಕ ಕಣವನ್ನು ರೂಪಿಸುತ್ತಿದ್ದಾರೆ. ಜಪಾನಿನ ನಾರಾ ವೈದ್ಯಕೀಯ ವಿಶ್ವವಿದ್ಯಾಲಯದ ಹಿರೋಮಿ ಸಕಾಯಿ ಅವರು ಕೊಬ್ಬಿನ ಪೊರೆಯ ಕಿರುಚೀಲಗಳಲ್ಲಿ ಹಿಮೋಗ್ಲೋಬಿನ್ ತುಂಬಿದ ದ್ರವವನ್ನು ಮನುಷ್ಯರ ಮೇಲೆ ಪರೀಕ್ಷಿಸುವ ಮಟ್ಟಕ್ಕೆ ತಂದಿದ್ದಾರೆ. ಈ ಕಾರ್ಯಗಳು ಸಫಲವಾಗಲೆಂದು ನಾನು ಮನಃಪೂರ್ವಕವಾಗಿ ಹಾರೈಸುತ್ತೇನೆ. ಆದರೆ ಇವರ ಬೆನ್ನಿಗೆ ನಿಲ್ಲುವ ಕಂಪನಿಗಳ ಸಲಹಾ ಮಂಡಲಿಗೆ ಹೆಸರು ಕೊಡಲು ಒಪ್ಪುವ ವಿದ್ವಾಂಸರು ಸಹಿ ಹಾಕುವ ಮುನ್ನ ಕರಾರಿನಲ್ಲಿ ಕೆಲವು ಮಾತುಗಳನ್ನು ಸೇರಿಸುವಂತೆ ಹಠ ಹಿಡಿಯಬೇಕೆಂದು ನನ್ನ ಅಭಿಪ್ರಾಯ. ತಯಾರಿಕೆಯ ವಿಧಾನವು ಗುಟ್ಟಾಗಿರಲಿ, ಅದಕ್ಕೆ ಆಕ್ಷೇಪವಿಲ್ಲ. ಮನುಷ್ಯನ ದೇಹದಲ್ಲಿ ಕಂಡ ಅಪಾಯವು ಗುಟ್ಟಿನ ವ್ಯಾಪ್ತಿಗೆ ಸೇರಕೂಡದು. ನಿಂತುಹೋದ ಪ್ರಯೋಗದ ಫಲಿತವು ಗೆದ್ದ ಪ್ರಯೋಗದ್ದರಷ್ಟೇ ಶೀಘ್ರವಾಗಿ ಪ್ರಕಟವಾಗಬೇಕು. ಸಲಹೆಗಾರನ ಲಿಖಿತ ಭಿನ್ನಾಭಿಪ್ರಾಯವು ಕಂಪನಿಯ ಕಡತದಲ್ಲಿ ಮಲಗದೆ ಪ್ರಯೋಗ ನಡೆಯುವ ಆಸ್ಪತ್ರೆಗಳ ನೈತಿಕ ಸಮಿತಿಗಳಿಗೂ ತಲುಪಬೇಕು. ಅಪಾಯವನ್ನು ಅಳೆಯಬೇಕಾದವನು ಅದೇ ಕಂಪನಿಯ ಷೇರುಗಳನ್ನು ಇಟ್ಟುಕೊಂಡಿರಬಾರದು. ಇವುಗಳಿಗೆ ಒಪ್ಪದ ಕಂಪನಿಯ ಪಟ್ಟಿಯಲ್ಲಿ ತನ್ನ ಹೆಸರು ಬೇಡವೆಂದು ಹೇಳುವ ಅಧಿಕಾರ ಪ್ರತಿಯೊಬ್ಬ ಪ್ರಾಧ್ಯಾಪಕನಿಗೂ ಇಂದೇ ಇದೆ. ಅದಕ್ಕೆ ಹೊಸ ಕಾನೂನೇನೂ ಬೇಕಾಗಿಲ್ಲ.